ಹಸಿದ ದೇಹದ ಹಗೇವು

ಗದಗ ಜಿಲ್ಲೆಯ ಜಕ್ಕಲಿ ಗ್ರಾಮಕ್ಕೆ ಕರ್ನಾಟಕ ಏಕೀಕರಣದ ಇತಿಹಾಸದಲ್ಲಿ ಗೌರವದ ಸ್ಥಾನವಿದೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಗಬೇಕೆಂದು ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ಉಪವಾಸ ಕೈಗೊಂಡದ್ದು ತಮ್ಮ ಆ ಊರಿನಲ್ಲಿಯೇ. ಅಂಥ ಉಪವಾಸಗಳನ್ನು ನೆನೆದಾಗ ಅವರ ಮನೋಬಲಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅನ್ನ ತೊರೆದ ದೇಹವು ಯಾವ ಆಧಾರದಿಂದ ನಿಲ್ಲುತ್ತದೆ ಎಂದು ಕೇಳಿಕೊಳ್ಳುವುದು ವಿರಳ.

ನಮ್ಮ ಮಿದುಳಿಗೆ ದಿನವೊಂದಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಉಂಡರೂ ಉಣ್ಣದಿದ್ದರೂ ಅದರ ಬೇಡಿಕೆ ನಿಲ್ಲದು. ಬಯಲುಸೀಮೆಯ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಕೂಡಿಡುತ್ತಿದ್ದಂತೆ, ಯಕೃತ್ತು ಊಟದ ವೇಳೆಯ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಹಗೇವನ್ನು ತುಂಬಿಸುತ್ತದೆ. ಅದೇ ಗ್ರಂಥಿಯ ಆಲ್ಫಾ ಕೋಶಗಳಿಂದ ಹೊರಡುವ ಗ್ಲುಕಗಾನ್, ಹಸಿವಿನ ಹೊತ್ತಿನಲ್ಲಿ ಆ ಹಗೇವಿನ ಬಾಯಿ ತೆರೆಸುತ್ತದೆ. ಆ ದಾಸ್ತಾನು ಹೆಚ್ಚೆಂದರೆ ಒಂದು ದಿನದ ಮಾತು. ಆಮೇಲೆ ಯಕೃತ್ತು ಸ್ನಾಯುಗಳಿಂದ ಬಂದ ಅಮೈನೋ ಆಮ್ಲಗಳೇ ಮೊದಲಾದವುಗಳಿಂದ ಹೊಸ ಸಕ್ಕರೆಯನ್ನು ಸಿದ್ಧಪಡಿಸುತ್ತದೆ; ಕೊಬ್ಬೂ ಇಂಧನವಾಗುತ್ತದೆ.

ಇನ್ಸುಲಿನ್ 1921ರಲ್ಲಿ ಟೊರಾಂಟೊ ನಗರದಲ್ಲಿ ಬೆಳಕಿಗೆ ಬಂದು ಲೋಕವಿಖ್ಯಾತವಾಯಿತು. 1923ರಲ್ಲಿ ಕಿಂಬಾಲ್ ಮತ್ತು ಮರ್ಲಿನ್ ಗುರುತಿಸಿ ಹೆಸರಿಟ್ಟ ಗ್ಲುಕಗಾನ್ ಬಹುಕಾಲ ಮರೆಯಲ್ಲಿಯೇ ಉಳಿಯಿತು. ಅದನ್ನು ಶುದ್ಧ ಹರಳಾಗಿ ಪಡೆದ ವರದಿ ಬಂದದ್ದು 1953ರಲ್ಲಿ. ಜಕ್ಕಲಿಯ ಉಪವಾಸ ನಡೆದ ವರ್ಷವೂ ಅದೇ.

ಸಕ್ಕರೆ ಕಾಯಿಲೆಯೆಂದರೆ ಇನ್ಸುಲಿನ್ನಿನ ಕೊರತೆಯಷ್ಟೇ ಎಂದು ಅನೇಕರು ಭಾವಿಸಿದ್ದಾರೆ. ಕಾಯಿಲೆಯ ಇನ್ನೊಂದು ಮುಖ ಗ್ಲುಕಗಾನ್. ಆರೋಗ್ಯವಂತರಲ್ಲಿ ಊಟವಾದೊಡನೆ ಅದು ತಗ್ಗುತ್ತದೆ. ಮಧುಮೇಹಿಗಳಲ್ಲಿ ಎಷ್ಟೋ ಸಲ ತಗ್ಗುವುದಿಲ್ಲ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಹಗೇವಿನ ಬಾಯಿ ತೆರೆದೇ ಇರುತ್ತದೆ. ಆದ್ದರಿಂದಲೇ ರಾತ್ರಿ ಒಂದೇ ರೊಟ್ಟಿ ಉಂಡು ಮಲಗಿದವರಿಗೂ ಬೆಳಗಿನ ಪರೀಕ್ಷೆಯಲ್ಲಿ 126ಕ್ಕಿಂತ ಮೇಲಿನ ಅಂಕಿ ಕಾಣಬಹುದು.

ಇಲ್ಲಿಯೇ ಮನೆಗಳಲ್ಲಿ ಒಂದು ಅನ್ಯಾಯ ನಡೆಯುತ್ತದೆ. "ಕದ್ದು ಸಿಹಿ ತಿಂದಿರಬೇಕು" ಎಂದು ಮಕ್ಕಳು ವೃದ್ಧ ತಾಯಿಯನ್ನು ಗದರುತ್ತಾರೆ. ಆಕೆ ತಿಂದಿಲ್ಲವೆಂದರೂ ನಂಬುವವರಿಲ್ಲ. ನೊಂದ ಜೀವ ಮರುದಿನ ಊಟವನ್ನೇ ಬಿಡುತ್ತದೆ; ಆದರೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಬಿಡುವುದಿಲ್ಲ. ಆಗ ಎದುರಾಗುವುದು ತದ್ವಿರುದ್ಧವಾದ ಅಪಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯುತ್ತವೆ, ಪ್ರಜ್ಞೆಯೂ ತಪ್ಪಬಹುದು. ಬಹುವರ್ಷ ಇನ್ಸುಲಿನ್ ಚುಚ್ಚಿಸಿಕೊಂಡವರಲ್ಲಿ ಇಂಥ ಸಮಯಕ್ಕೆ ನೆರವಾಗಬೇಕಾದ ಗ್ಲುಕಗಾನ್ ಮೇಲೇಳದಿರುವುದೂ ಉಂಟು.

ತಪಸ್ಸುಕಾಲವಾಗಲಿ, ಶ್ರಾವಣವಾಗಲಿ, ರಂಜಾನ್ ಆಗಲಿ, ಉಪವಾಸ ಮಾಡಬಯಸುವ ಮಧುಮೇಹಿಗಳು ಮೊದಲು ವೈದ್ಯರನ್ನು ಕಾಣಬೇಕು. ಔಷಧದ ಪ್ರಮಾಣವನ್ನು ತಾವೇ ಬದಲಿಸಬಾರದು. ಬೂದಿ ಬುಧವಾರ ಮತ್ತು ಶುಭಶುಕ್ರವಾರಗಳ ಉಪವಾಸದ ನಿಯಮಕ್ಕೂ ಧರ್ಮಸಭೆ ರೋಗಿಗಳನ್ನು ಬದ್ಧರನ್ನಾಗಿಸುವುದಿಲ್ಲ. ಅವರಿಗೆ ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುವುದೇ ವ್ರತ.

ಮನೆಯವರಿಗೂ ಒಂದು ವ್ರತವಿದೆ. ಬೆಳಗಿನ ಅಂಕಿಯನ್ನು ಕಂಡಾಗ ತೀರ್ಪು ನೀಡುವ ಮುನ್ನ ನಾಲಿಗೆಯನ್ನು ತಡೆದುಕೊಳ್ಳಲಿ. ತಾಯಿಯ ಮಾತನ್ನು ನಂಬಿ, ಆ ಅಂಕಿಯನ್ನು ಬರೆದಿಟ್ಟು, ಆಕೆಯ ಜೊತೆಗೆ ವೈದ್ಯರ ಬಳಿಗೆ ಹೋಗಲಿ.