ಉತ್ತಮ ಪುರುಷವೋ, ಪ್ರಥಮ ಪುರುಷವೋ?

ವ್ಯಾಕರಣವನ್ನು ಶುಷ್ಕಶಾಸ್ತ್ರವೆಂದು ಹಳಿಯುವವರು ಲೋಕದಲ್ಲಿ ವಿರಳರಲ್ಲ. ‘ನಾನು’ ಎಂಬುದು ಉತ್ತಮ ಪುರುಷ, ‘ಅವನು’ ಎಂಬುದು ಪ್ರಥಮ ಪುರುಷ ಎಂದು ಬಾಯಿಪಾಠ ಮಾಡುವ ಬಾಲಕನು, ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವುದುಂಟು. ಹೊಟ್ಟೆ ತುಂಬದಿರಬಹುದು, ಆದರೆ ಆ ಭೇದವನ್ನು ಅರಿಯದ ಕಡೆ ನಿರಪರಾಧಿಯ ಕೈಗೆ ಕೋಳ ಬೀಳುವ ಸಂಭವವುಂಟು.

ತುಳು ಭಾಷೆಯನ್ನೇ ತೆಗೆದುಕೊಳ್ಳಬಹುದು. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿಯೆಂದು ಬರೆಯಿಸಿದವರು 18 ಲಕ್ಷಕ್ಕೂ ಮಿಗಿಲು. ಆ ಭಾಷೆಯಲ್ಲಿ ‘ಮಲ್ತೆ’ ಎಂದರೆ ‘ಮಾಡಿದೆನು’ ಎಂದೂ ಅರ್ಥ, ‘ಮಾಡಿದನು’ ಎಂದೂ ಅರ್ಥ. ಕಡೆಯ ಎಕಾರವನ್ನು ಬಾಯಿ ತುಸು ಅಗಲವಾಗಿ ತೆರೆದು ನುಡಿದರೆ ಉತ್ತಮ ಪುರುಷ. ಕಿರಿದಾಗಿಸಿ ನುಡಿದರೆ ಪ್ರಥಮ ಪುರುಷ. ತುಳುವರ ಕಿವಿಗೆ ಇವೆರಡೂ ಹಗಲಿರುಳುಗಳಷ್ಟು ಬೇರೆ. ಕನ್ನಡ ಲಿಪಿಯಲ್ಲಿಯಾದರೋ ಎರಡಕ್ಕೂ ಒಂದೇ ಅಕ್ಷರ.

ಬಯಲುಸೀಮೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರ ಮುಂದೆ, ತುಳುವಲ್ಲದೆ ಬೇರೆ ನುಡಿಯನ್ನರಿಯದ ಮುದುಕನೊಬ್ಬನು ಸಾಕ್ಷಿ ಹೇಳಲು ನಿಂತಿರುವನೆಂದು ಭಾವಿಸೋಣ. ಸರ್ವನಾಮವನ್ನು ಬಿಟ್ಟು ‘ಮಲ್ತೆ’ ಎಂದಷ್ಟೇ ಅವನು ನುಡಿಯುತ್ತಾನೆ. ಅನ್ಯನ ಕೃತ್ಯವನ್ನು ಹೇಳಬಂದವನು ತನ್ನ ಕೃತ್ಯವನ್ನೇ ಒಪ್ಪಿಕೊಂಡನೆಂದು ಕಾಗದದ ಮೇಲೆ ಬೀಳಬಾರದಾದರೆ, ನಡುವೆ ನಿಲ್ಲುವ ದುಭಾಷಿಗೆ ಎರಡು ಭಾಷೆಗಳ ಹೃದಯವೂ ತಿಳಿದಿರಬೇಕು.

ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ವಿವರಿಸಬೇಕೆಂದು 1898ರ ಸಂಹಿತೆಯು ವಿಧಿಸಿತ್ತು. 1973ರ ಸಂಹಿತೆಯೂ ಅದನ್ನೇ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ದುಭಾಷಿಯು ಸತ್ಯವಾದ ಅರ್ಥವನ್ನೇ ಹೇಳಲು ಬದ್ಧನೆಂದು 317ನೆಯ ಕಲಮು ಸಾರುತ್ತದೆ. ಆದರೆ ಆ ದುಭಾಷಿಯನ್ನು ಎಲ್ಲಿಂದ ಕರೆತರಬೇಕು, ಅವನ ದಿನದ ಕೂಲಿಯನ್ನು ಯಾರು ಕೊಡಬೇಕು ಎಂಬ ಮಾತು ಆ ಕಲಮುಗಳಲ್ಲಿಲ್ಲ. ನಿಯತನಾದ ದುಭಾಷಿಯಿಲ್ಲದೆಡೆ ಆ ಕೆಲಸವು ಕೈಗೆ ಸಿಕ್ಕಿದವರ ಪಾಲಿಗೆ ಬೀಳುತ್ತದೆ. ಸತ್ಯಕ್ಕೆ ಬದ್ಧನಾಗೆಂದು ವಿಧಿಸಿ, ಅನ್ನಕ್ಕೆ ದಾರಿ ತೋರದಿರುವುದು ಎಂತಹ ನ್ಯಾಯ?

ದಾರಿಯಿಲ್ಲವೆಂದು ಹೇಳುವಂತಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಅಧಿನಿಯಮದಡಿ 2020ರಲ್ಲಿ ರಚಿತವಾದ ನಿಯಮಗಳನ್ನು ನೋಡಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ ಹೆಸರು ವಿಳಾಸಗಳ ದಾಖಲೆಯನ್ನಿಡಬೇಕು. ಅವರ ಸಂಭಾವನೆಯನ್ನು ರಾಜ್ಯ ಸರ್ಕಾರವು ತೆರಬೇಕು. ಅದು ಕುಶಲ ಕೆಲಸಗಾರನ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು. ಜನ, ಹಣ, ದರ, ಈ ಮೂರೂ ಅಲ್ಲಿ ನಿಶ್ಚಿತ. ಮಗುವಿಗೆ ಸಲ್ಲುವ ಈ ಏರ್ಪಾಟು, ಒಡಿಶಾದಿಂದ ಕೂಲಿಗೆ ಬಂದು ಆರೋಪಿಯಾಗಿ ನಿಂತ ಸಂತಾಲಿ ಭಾಷಿಕನಿಗೂ, ಸಾಕ್ಷಿ ಹೇಳುವ ತುಳುವ ಮುದುಕನಿಗೂ ಸಲ್ಲಬಾರದೇಕೆ? ಆರೋಪಿಗೆ ದುಭಾಷಿಯ ನೆರವು ಉಚಿತವಾಗಿ ದೊರೆಯಬೇಕೆಂಬ 1966ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 1979ರಲ್ಲಿಯೇ ಸೇರಿದೆಯಷ್ಟೆ.

ಬೊಕ್ಕಸಕ್ಕೆ ಇದು ಹೊರೆಯೆಂದು ಆಕ್ಷೇಪಿಸುವವರಿರಬಹುದು. ತಪ್ಪಾದ ಅನುವಾದದಿಂದ ಮರುವಿಚಾರಣೆ ನಡೆದರೆ ಅದರ ವೆಚ್ಚವನ್ನು ಹೊರುವುದೂ ಅದೇ ಬೊಕ್ಕಸವೇ. ಅಷ್ಟರಲ್ಲಿ ಸೆರೆಮನೆಯಲ್ಲಿ ಕಳೆದ ದಿನಗಳನ್ನು ಹಿಂದಿರುಗಿಸಲು ಮಾತ್ರ ಯಾವ ಬೊಕ್ಕಸಕ್ಕೂ ಶಕ್ತಿಯಿಲ್ಲ.

ಜಿಲ್ಲೆಗೊಂದು ದುಭಾಷಿಗಳ ಪಟ್ಟಿ, ಅವರ ಯೋಗ್ಯತೆಯ ಪರೀಕ್ಷೆ, ಸಕಾಲಕ್ಕೆ ಸಲ್ಲುವ ದಿನವೇತನ: ಕೇಳುವುದು ಇಷ್ಟೇ. ‘ಮಾಡಿದೆನು’, ‘ಮಾಡಿದನು’ ಎಂಬ ಎರಡು ಪದಗಳ ಅಂತರವನ್ನು ಪಾಠಶಾಲೆಯಲ್ಲಿ ಮರೆತ ಬಾಲಕನಿಗೆ ಬೆತ್ತದ ಏಟೊಂದರಲ್ಲಿ ಶಿಕ್ಷೆ ಮುಗಿಯುತ್ತಿತ್ತು. ನ್ಯಾಯಾಸ್ಥಾನವು ಅದನ್ನು ಮರೆತರೆ, ಶಿಕ್ಷೆಯನ್ನು ಅನುಭವಿಸುವವನು ಬೇರೊಬ್ಬನು.