ಪರದೆಯ ಮುಂದೆಯೂ ನ್ಯಾಯವಿರಲಿ

ಟಿ.ವಿ.ಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯ ಮೇಲೆ ನಮ್ಮ ಹಿರಿಯರ ಕಾಲದಲ್ಲಿ ದೀರ್ಘ ಚರ್ಚೆಗಳು ನಡೆದಿದ್ದವು. ಇಂದು ಆ ಚರ್ಚೆ ತಾನಾಗಿಯೇ ಮುಗಿದುಹೋಗಿದೆ. ಪರದೆಯು ಗೋಡೆಯಿಂದ ಇಳಿದು ಮಕ್ಕಳ ಅಂಗೈಗೆ ಬಂದು ಕುಳಿತಿದೆ. ಅಶ್ಲೀಲತೆ, ಸಮಯದ ಅಪವ್ಯಯ, ನಮಾಝಿನ ಕಡೆಗಿನ ಉದಾಸೀನ ಇವುಗಳ ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಎಚ್ಚರಿಸಿದ್ದಾರೆ. ನಾನು ಹೇಳಬಯಸುವುದು ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ವಿಷಯವನ್ನು. ಒಂದು ಚಿತ್ರವನ್ನೋ ಧಾರಾವಾಹಿಯನ್ನೋ ನೋಡಿ ಎದ್ದಾಗ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ತೀರ್ಮಾನಿಸುವುದು ಯಾವ ಅಳತೆಗೋಲಿನಿಂದ?

ಸತ್ಯವಿಶ್ವಾಸಿಗಳು ನ್ಯಾಯದ ಪರವಾಗಿ ದೃಢವಾಗಿ ನಿಲ್ಲಬೇಕು, ಆ ಸಾಕ್ಷ್ಯವು ಸ್ವತಃ ತಮಗೆ, ತಮ್ಮ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾಗಿದ್ದರೂ ಸರಿಯೇ ಎಂಬ ಆಶಯವನ್ನು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೇ ಸೂಕ್ತದಲ್ಲಿ ನಾವು ಓದುತ್ತೇವೆ. ಈ ಮಾತನ್ನು ನ್ಯಾಯಾಲಯಕ್ಕೆ, ವ್ಯಾಪಾರಕ್ಕೆ, ಪಂಚಾಯಿತಿಗೆ ಅನ್ವಯಿಸುವ ನಾವು ಟಿ.ವಿ.ಯ ಮುಂದೆ ಕುಳಿತಾಗ ಮರೆಯುತ್ತೇವೆ. ಅಲ್ಲಿ ನಮ್ಮ ಅಳತೆಗೋಲು ಒಂದೇ: ಇದು ನಮ್ಮನ್ನು ಹೊಗಳಿತೋ, ತೆಗಳಿತೋ? ನಾನು ನೋಡಿದ ಕೆಲವು ಚಿತ್ರ, ಧಾರಾವಾಹಿಗಳು ನನ್ನಲ್ಲಿ ಮೂಡಿಸಿದ ಭಾವನೆಗಳನ್ನು ಮುಚ್ಚುಮರೆಯಿಲ್ಲದೆ ಇಲ್ಲಿಡುತ್ತೇನೆ. ಓದುಗರು ತಮ್ಮ ಅನುಭವದೊಂದಿಗೆ ತೂಗಿ ನೋಡಲಿ.

ನನ್ನ ತವರು ಟಿ. ನರಸೀಪುರ, ಗಂಡನ ಮನೆ ನಂಜನಗೂಡು. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯೇ ಮುಂದೆ ತವರೂರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಎರಡೂ ಊರುಗಳ ಮುಸ್ಲಿಮ್ ಮನೆಗಳಲ್ಲಿ ಒಂದು ಪೀಳಿಗೆ ಒಟ್ಟಾಗಿ ಕುಳಿತು ನೋಡಿದ ಧಾರಾವಾಹಿಯೆಂದರೆ 1990ರಲ್ಲಿ ದೂರದರ್ಶನದಲ್ಲಿ ಬಂದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’. ಭಗವಾನ್ ಗಿಡ್ವಾನಿ 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯೇ ಅದಕ್ಕೆ ಆಧಾರ. ನಮಗೆ ಅದು ದೂರದ ಕಥೆಯಾಗಿರಲಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡಿದ್ದರು. ನಾಯಕನಟ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳೊಂದಿಗೆ ಬದುಕುಳಿದಿದ್ದರು. ಶಾಲೆಗೆ ಹೋಗುವ ಹುಡುಗಿಯಾಗಿದ್ದ ನನಗೆ, ಪರದೆಯ ಮೇಲೆ ಟಿಪ್ಪು ಸುಲ್ತಾನರು ಕುದುರೆಯೇರಿ ಬಂದಾಗ ಆದ ಹೆಮ್ಮೆ ಇಂದಿಗೂ ನೆನಪಿದೆ. ಶಾಲೆಯ ಪುಸ್ತಕವನ್ನು ಬಿಟ್ಟರೆ ನಮ್ಮವನೊಬ್ಬನನ್ನು ನಾಡಿನ ವೀರನೆಂದು ಕಂಡದ್ದು ಅದೇ ಮೊದಲು.

ಆದರೆ ಪ್ರತಿ ಕಂತಿನ ಜೊತೆಗೆ ಒಂದು ಪ್ರಕಟಣೆ ಬರುತ್ತಿತ್ತು. ಇದು ಕಾದಂಬರಿಯನ್ನು ಆಧರಿಸಿದ ಕಲ್ಪಿತ ಕಥೆ, ಟಿಪ್ಪುವಿನ ನಿಜಜೀವನಕ್ಕೂ ಆಡಳಿತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಅದರ ಸಾರಾಂಶ. ಧಾರಾವಾಹಿಯ ವಿರುದ್ಧ ಎದ್ದ ಆಕ್ಷೇಪ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆ ಸಾಲುಗಳು ಬಂದಾಗಲೆಲ್ಲ ಅಬ್ಬಾ ಸಿಡಿಮಿಡಿಗೊಳ್ಳುತ್ತಿದ್ದರು. “ನಮ್ಮ ಸುಲ್ತಾನರಿಗೆ ಮಾತ್ರ ಈ ಷರತ್ತು” ಎನ್ನುತ್ತಿದ್ದರು. ಅವರ ನೋವು ನನಗೆ ಅರ್ಥವಾಗುತ್ತಿತ್ತು.

ಇತ್ತೀಚೆಗೆ ಅದೇ ಧಾರಾವಾಹಿಯ ಕಂತುಗಳನ್ನು ಮಕ್ಕಳೊಂದಿಗೆ ಮತ್ತೆ ನೋಡಿದೆ. ಅದರಲ್ಲಿರುವುದು ತಪ್ಪನ್ನೇ ಮಾಡದ ಒಬ್ಬ ಅರಸ. ಚರಿತ್ರೆಯ ಟಿಪ್ಪು ಇದಕ್ಕಿಂತ ಸಂಕೀರ್ಣ ವ್ಯಕ್ತಿ. 1791ರಲ್ಲಿ ಮರಾಠಾ ಸೈನಿಕರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಪತ್ರ ಬರೆದು ನೆರವು ನೀಡಿದವರು ಅವರೇ. ನಮ್ಮ ನಂಜುಂಡೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರು ಬಂದದ್ದು, ಆನೆಯ ಕಣ್ಣಿನ ಬೇನೆ ವಾಸಿಯಾಯಿತೆಂದು ಸುಲ್ತಾನರು ಪಚ್ಚೆಯ ಲಿಂಗವನ್ನು ಅರ್ಪಿಸಿದಾಗ ಎಂಬ ಪ್ರತೀತಿ ಈ ಊರಿನ ಎಲ್ಲ ಜನರ ಬಾಯಲ್ಲಿದೆ. ಅದೇ ವೇಳೆಗೆ ಕೊಡಗಿನವರಿಗೂ ಮಂಗಳೂರಿನ ಕ್ರೈಸ್ತರಿಗೂ ಅವರ ಕಾಲದ ಸೆರೆವಾಸದ ಕಹಿ ನೆನಪುಗಳಿವೆ. ಮೊದಲ ಸಂಗತಿಗಳನ್ನು ಮಕ್ಕಳಿಗೆ ಹೇಳಿ ಎರಡನೆಯದನ್ನು ನುಂಗಿಕೊಂಡರೆ ನಮ್ಮ ಸಾಕ್ಷ್ಯ ಅರ್ಧವಾಗುತ್ತದೆ.

ಈಗ 2023ಕ್ಕೆ ಬನ್ನಿ. ‘ದಿ ಕೇರಳ ಸ್ಟೋರಿ’ ಎಂಬ ಚಿತ್ರ ತೆರೆಗೆ ಬಂದಿತು. ಕೇರಳದ 32,000 ಹೆಣ್ಣುಮಕ್ಕಳನ್ನು ಮತಾಂತರಿಸಿ ಉಗ್ರರ ಕೈಗೆ ಒಪ್ಪಿಸಲಾಯಿತೆಂದು ಅದರ ಪ್ರಚಾರದಲ್ಲಿ ಸಾರಲಾಗಿತ್ತು. ಪ್ರಶ್ನೆಗಳು ಎದ್ದಾಗ ಚಿತ್ರದ ಪರಿಚಯದಲ್ಲಿ ಅದು ಮೂವರು ಹೆಣ್ಣುಮಕ್ಕಳ ಕಥೆಯಾಯಿತು. ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ, ಇದು ಕಲ್ಪಿತ ನಿರೂಪಣೆ ಎಂಬ ಪ್ರಕಟಣೆಯನ್ನು ಸೇರಿಸಬೇಕೆಂದು ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ದಿನ ನಮ್ಮ ಮನೆಯಲ್ಲಿ ನೆಮ್ಮದಿಯ ಉಸಿರು. ಚಿತ್ರದ ತುಣುಕುಗಳನ್ನು ನೋಡಿದ ನನ್ನ ಮಗಳ ಸಹಪಾಠಿಯೊಬ್ಬಳು ಕೆಲವು ದಿನ ಅವಳ ಪಕ್ಕದಲ್ಲಿ ಕೂರುವುದನ್ನೇ ಬಿಟ್ಟಿದ್ದಳು. ಒಂದು ಸುಳ್ಳು ಸಂಖ್ಯೆ ಇಷ್ಟು ದೂರ ಪ್ರಯಾಣ ಮಾಡಿ ಹದಿಮೂರರ ಹುಡುಗಿಯ ಬೆಂಚಿನವರೆಗೆ ಬರುತ್ತದೆ. ಆದ್ದರಿಂದಲೇ ಈ ವಿಷಯವನ್ನು ಬರಿಯ ಮನರಂಜನೆಯೆಂದು ತಳ್ಳಿಹಾಕಲು ನನ್ನಿಂದಾಗದು.

ಈ ಎರಡು ಪ್ರಕಟಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದನ್ನು ಅವಮಾನವೆಂದೆವು, ಇನ್ನೊಂದನ್ನು ನ್ಯಾಯವೆಂದೆವು. ಎರಡರ ಗುರುತ್ವ ಒಂದೇ ಅಲ್ಲ. ಒಬ್ಬ ಅರಸನನ್ನು ಅತಿಯಾಗಿ ಹೊಗಳುವುದರಿಂದಾಗುವ ಹಾನಿಗೂ ಇಡೀ ಸಮುದಾಯದ ಮೇಲೆ ಸಂಶಯ ಹೊರಿಸುವುದರಿಂದಾಗುವ ಹಾನಿಗೂ ಅಜಗಜಾಂತರವಿದೆ. ಆದರೆ ಕಥೆಯನ್ನು ಕಥೆಯೆಂದು ಹೇಳಿಬಿಡಬೇಕೆಂಬ ನಿಯಮ ಎರಡಕ್ಕೂ ಸಮಾನ. ಅದನ್ನು ಇಲ್ಲಿ ಒಪ್ಪದಿದ್ದರೆ ಅಲ್ಲಿ ಕೇಳುವ ನಮ್ಮ ದನಿ ತೆಳುವಾಗುತ್ತದೆ.

2020ರ ರಮಝಾನ್ ತಿಂಗಳನ್ನು ನಂಜನಗೂಡಿನವರು ಮರೆಯುವುದು ಸಾಧ್ಯವಿಲ್ಲ. ಊರಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾಣಿಸಿಕೊಂಡು, ನಮ್ಮ ತಾಲೂಕು ರಾಜ್ಯದ ಭೀತಿಯ ಕೇಂದ್ರವಾಗಿತ್ತು. ಬೀದಿಗಳಿಗೆ ಬೇಲಿ ಬಿದ್ದಿತ್ತು. ಮಸೀದಿಗೆ ಬೀಗ, ತರಾವೀಹ್ ಮನೆಯಲ್ಲಿ. ಅದೇ ದಿನಗಳಲ್ಲಿ ಸುದ್ದಿವಾಹಿನಿಗಳು ಹಗಲಿರುಳು ದೆಹಲಿಯ ತಬ್ಲೀಗ್ ಸಮಾವೇಶವನ್ನು ತೋರಿಸುತ್ತಾ ರೋಗಕ್ಕೇ ಒಂದು ಧರ್ಮವನ್ನು ಅಂಟಿಸುತ್ತಿದ್ದವು. ಕಾರ್ಖಾನೆಯ ಕಡೆಯಿಂದ ಬಂದ ರೋಗಕ್ಕೆ ಬೇಲಿ ಹಾಕಿಕೊಂಡು ಕುಳಿತ ಊರಿನಲ್ಲಿಯೂ ತರಕಾರಿ ಗಾಡಿಯವನು ಟೋಪಿ ಹಾಕಿದ್ದಾನೆಯೇ ಎಂದು ನೋಡುವವರಿದ್ದರು. ಆ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದು ಅಭಿಪ್ರಾಯಪಟ್ಟಿತು. ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. ಏಪ್ರಿಲ್‌ನಲ್ಲಿ ಕಿರುಚಿದ ಪರದೆ ಆಗಸ್ಟ್‌ನಲ್ಲಿ ಪಿಸುಗುಟ್ಟಿ ಸುಮ್ಮನಾಯಿತು.

ಬಂದ ಸುದ್ದಿಯನ್ನು ಪರಿಶೀಲಿಸಿರಿ, ಅರಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಬೇಡಿರಿ ಎಂಬ ಅಲ್‌ಹುಜುರಾತ್ ಅಧ್ಯಾಯದ ಎಚ್ಚರಿಕೆ ಆ ದಿನಗಳಲ್ಲಿ ಎದೆಗೆ ನಾಟಿದಷ್ಟು ಹಿಂದೆಂದೂ ನಾಟಿರಲಿಲ್ಲ. ಆದರೆ ನಮ್ಮ ಬೀದಿಯಲ್ಲಿಯೇ ಆ ಕಾರ್ಖಾನೆಯ ನೌಕರರ ಮನೆಗಳ ಮುಂದೆ ಮುಖ ತಿರುಗಿಸಿ ಹೋದವರೂ ಇದ್ದರು. ತಬ್ಲೀಗಿಯ ಮೇಲಿನ ಸಂಶಯ ಅನ್ಯಾಯವಾದರೆ ಕಾರ್ಮಿಕನ ಮೇಲಿನ ಸಂಶಯವೂ ಅನ್ಯಾಯವೇ.

ಆ ರಮಝಾನಿನಲ್ಲಿ ಅನೇಕ ಮನೆಗಳಿಗೆ ಬಂದ ಅತಿಥಿ ‘ಎರ್ತುಗ್ರುಲ್’. 2014ರಿಂದ 2019ರವರೆಗೆ ಟರ್ಕಿಯಲ್ಲಿ ಪ್ರಸಾರವಾದ ಈ ಧಾರಾವಾಹಿಯ ಉರ್ದು ರೂಪವು ಮೊಬೈಲ್ ಮೂಲಕ ನಮ್ಮ ಯುವಕರನ್ನು ತಲುಪಿತು. ದಿನವಿಡೀ ಸುದ್ದಿವಾಹಿನಿಗಳಲ್ಲಿ ಅವಮಾನ ಉಂಡವರಿಗೆ ರಾತ್ರಿ ಒಬ್ಬ ವೀರನು ಬೇಕಾಗಿದ್ದ. ನನಗೂ ಅದರ ಕೆಲವು ಅಂಶಗಳು ಇಷ್ಟವಾದವು. ಹಿರಿಯರ ಕೈಗೆ ಮುತ್ತಿಡುವ ಮಕ್ಕಳು, ಸಲಹೆ ಕೇಳಿ ನಡೆಯುವ ನಾಯಕ, ಗುಡಾರದೊಳಗಿನ ನಮಾಝ್. ಆದರೆ ಎರ್ತುಗ್ರುಲ್ ಕುರಿತು ಚರಿತ್ರೆಯಲ್ಲಿ ದೊರೆಯುವ ಖಚಿತ ಮಾಹಿತಿ ಬಹಳ ಸ್ವಲ್ಪ. ಉಳಿದದ್ದೆಲ್ಲ ಬರಹಗಾರರ ಕಲ್ಪನೆ. ಇನ್ನೊಂದು ಮಾತು: ಅದರಲ್ಲಿನ ಕ್ರೈಸ್ತ ಪಾತ್ರಗಳಲ್ಲಿ ಹೆಚ್ಚಿನವರು ಪಿತೂರಿಗಾರರು, ಕ್ರೂರಿಗಳು. ಹಿಂದಿ ಚಿತ್ರಗಳಲ್ಲಿ ಸುರ್ಮಾ ಹಚ್ಚಿದ ಖಳನಾಯಕರನ್ನು ಕಂಡು ಬೇಸರಪಡುವ ನಾವು, ಶಿಲುಬೆ ಧರಿಸಿದ ಖಳನಾಯಕರನ್ನು ಕಂಡು ಬೇಸರಪಡದಿದ್ದರೆ ನಮ್ಮ ತಕ್ಕಡಿಯಲ್ಲಿ ದೋಷವಿದೆಯೆಂದೇ ಅರ್ಥ.

ಇನ್ನು ಸಂಜೆಯ ಕನ್ನಡ ಧಾರಾವಾಹಿಗಳು. ನನ್ನ ಅತ್ತೆಯವರು ಮಗ್‌ರಿಬ್ ಮುಗಿಸಿ ತಸ್ಬೀಹ್ ಹಿಡಿದುಕೊಂಡೇ ಅವುಗಳ ಮುಂದೆ ಕೂರುತ್ತಾರೆ. ಅವರ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಹೇಳುವುದಾದರೆ, ಈ ಕಥೆಗಳು ನಡೆಯುವುದೇ ಮೂರು ಚಕ್ರಗಳ ಮೇಲೆ: ಸೊಸೆಯ ಮೇಲೆ ಗುಮಾನಿ, ಬಾಗಿಲ ಸಂದಿಯಲ್ಲಿ ಗೂಢಚರ್ಯೆ, ಬೆನ್ನ ಹಿಂದಿನ ಪರನಿಂದೆ. ಅಲ್‌ಹುಜುರಾತ್ ಅಧ್ಯಾಯವು ಒಂದೇ ಸೂಕ್ತದಲ್ಲಿ ನಿಷೇಧಿಸಿದ ಮೂರು ಕೆಡುಕುಗಳು ಇವೇ. ಅವುಗಳನ್ನು ತೆಗೆದುಬಿಟ್ಟರೆ ಯಾವ ಕಥೆಯೂ ವಾರ ದಾಟಲಾರದು. ಇದನ್ನು ಅತ್ತೆಯವರಿಗೇ ಹೇಳಿದಾಗ ಅವರು ನಕ್ಕು, “ಹೌದಮ್ಮಾ, ಆದರೆ ನಾಳೆ ಆ ಹುಡುಗಿ ಸಿಕ್ಕಿಬೀಳುತ್ತಾಳೋ ಇಲ್ಲವೋ ನೋಡಲೇಬೇಕು” ಎಂದರು.

ಕೊನೆಗೆ, ನಮ್ಮವರು ನೋಡಲು ಹಿಂಜರಿದ ಎರಡು ಕನ್ನಡ ಚಿತ್ರಗಳ ಬಗ್ಗೆ ಹೇಳಲೇಬೇಕು. ಎರಡೂ ಗಿರೀಶ್ ಕಾಸರವಳ್ಳಿಯವರ ನಿರ್ದೇಶನದವು. 2004ರ ‘ಹಸೀನಾ’ ಚಿತ್ರಕ್ಕೆ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ ಆಧಾರ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಈ ಕಥೆಯ ಅನುವಾದವೂ ಇದೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡನು ತೊರೆದ ಹೆಣ್ಣೊಬ್ಬಳು ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. “ಮನೆಯ ಮಾತನ್ನು ಬೀದಿಗೆ ತಂದರು” ಎಂಬುದು ನಮ್ಮಲ್ಲಿ ಕೇಳಿಬಂದ ಆಕ್ಷೇಪ.

ನನಗೆ ಪರಿಚಯದ ಒಬ್ಬ ಸಹೋದರಿಯಿದ್ದಾರೆ. ಗಂಡನು ಬಿಟ್ಟುಹೋದ ಮೇಲೆ ಊದುಬತ್ತಿ ಹೊಸೆದು ಮೂವರು ಮಕ್ಕಳನ್ನು ಸಾಕಿದವರು. ತಮ್ಮ ಹಕ್ಕಿನ ಜೀವನಾಂಶಕ್ಕಾಗಿ ಜಮಾಅತಿನ ಬಾಗಿಲಿಗೆ ಎರಡು ವರ್ಷ ಅಲೆದರು. ಸಿಕ್ಕ ಉತ್ತರ “ಮುಂದಿನ ಜುಮಾಕ್ಕೆ ನೋಡೋಣ” ಎಂಬುದಷ್ಟೇ. ಅವರೊಂದಿಗೆ ಕುಳಿತು ಈ ಚಿತ್ರ ನೋಡಿದೆ. ಮುಗಿದ ಮೇಲೆ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಆಪಾ, ನನ್ನ ವಿಷಯವನ್ನು ಇವರಿಗೆ ಯಾರು ಹೇಳಿದರು?” ಎಂದು ಕೇಳಿದರು. ಅಂದಿನಿಂದ ಆ ಚಿತ್ರ ಧರ್ಮಕ್ಕೆ ಅಪಮಾನವೆಂಬ ಮಾತನ್ನು ನಾನು ಒಪ್ಪಿಲ್ಲ. ಮೂಲಕಥೆಯಲ್ಲಿ ಆ ಹೆಣ್ಣಿಗೆ ಧೈರ್ಯ ಬರುವುದೇ, ಶರೀಅತ್ ತನಗೆ ಕೊಟ್ಟ ಹಕ್ಕು ಯಾವುದೆಂದು ಓದಿದ ಮಹಿಳೆಯೊಬ್ಬರಿಂದ ತಿಳಿದಾಗ. ಆಕೆ ಕೇಳಿದ್ದು ಅಲ್ಲಾಹನು ಕೊಟ್ಟದ್ದನ್ನು, ತಡೆದದ್ದು ಮನುಷ್ಯರು. ಎಲ್ಲ ಮುಸ್ಲಿಮ್ ಗಂಡಸರೂ ಇಂಥವರೇ ಎಂದು ಹೊರಗಿನವರು ತೀರ್ಮಾನಿಸಿದರೆ ಅದು ಅನ್ಯಾಯ, ನಿಜ. ಆ ಭಯಕ್ಕಾಗಿ ಹಸೀನಾಳ ಬಾಯಿ ಮುಚ್ಚಿಸಿದರೆ ಅದು ಇನ್ನೂ ದೊಡ್ಡ ಅನ್ಯಾಯ.

2008ರ ‘ಗುಲಾಬಿ ಟಾಕೀಸ್’ ವೈದೇಹಿಯವರ ಕಥೆಯನ್ನು ಆಧರಿಸಿದ್ದು. ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿ ಬದುಕುವ ಮುಸ್ಲಿಮ್ ಸೂಲಗಿತ್ತಿ ಗುಲಾಬಿಗೆ ಒಂದು ಹೆರಿಗೆ ಮಾಡಿಸಿದ್ದಕ್ಕಾಗಿ ಟಿ.ವಿ. ಉಡುಗೊರೆಯಾಗಿ ಬರುತ್ತದೆ. ಕೇರಿಯ ಹೆಂಗಸರು ಜಾತಿಧರ್ಮ ಮರೆತು ಅವಳ ಗುಡಿಸಲಿನಲ್ಲಿ ನೆರೆಯುತ್ತಾರೆ. ಕಾರ್ಗಿಲ್ ಯುದ್ಧದ ಕಾಲ ಬರುತ್ತದೆ, ಸಂಶಯ ಹಬ್ಬುತ್ತದೆ, ಅದೇ ಕೇರಿಯಲ್ಲಿ ಗುಲಾಬಿಗೆ ನೆಲೆ ಇಲ್ಲವಾಗುತ್ತದೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವಿದು. ಅವಳನ್ನು ತೊರೆದ ಗಂಡ ನಮ್ಮವನು, ಹೊರದೂಡಿದ ಕೇರಿ ಅವರದು. ಚಿತ್ರವು ಯಾರನ್ನೂ ಬಿಡುವುದಿಲ್ಲ, ಯಾರನ್ನೂ ರಾಕ್ಷಸರನ್ನಾಗಿಸುವುದೂ ಇಲ್ಲ. ಟಿ.ವಿ. ಮನೆಗಳನ್ನು ಹೇಗೆ ಕೂಡಿಸುತ್ತದೆ, ಹೇಗೆ ಒಡೆಯುತ್ತದೆ ಎಂಬುದನ್ನು ಇಷ್ಟು ಸಮಚಿತ್ತದಿಂದ ಹೇಳಿದ ಬೇರೊಂದು ಚಿತ್ರವನ್ನು ನಾನು ನೋಡಿಲ್ಲ.

ಪ್ರಿಯ ತಾಯಂದಿರೇ, ಸಹೋದರರೇ, ಮಕ್ಕಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುವುದು ಪ್ರತಿದಿನ ಸಾಧ್ಯವಾಗದು. ಅವರ ಪಕ್ಕದಲ್ಲಿ ಕುಳಿತು ಎರಡು ಪ್ರಶ್ನೆ ಕೇಳುವುದು ಸಾಧ್ಯ. ಇದು ನಡೆದದ್ದೋ, ಕಟ್ಟಿದ ಕಥೆಯೋ? ಇಲ್ಲಿ ಯಾರಿಗಾದರೂ, ಅವರು ನಮ್ಮವರಾಗಲಿ ಅಲ್ಲದವರಾಗಲಿ, ಅನ್ಯಾಯವಾಗಿದೆಯೇ? ನಮ್ಮ ಮನೆಯಲ್ಲಿ ಈ ಪದ್ಧತಿ ಆರಂಭವಾದ ಮೇಲೆ ಮಗಳು ತಾನಾಗಿಯೇ ಸುದ್ದಿವಾಹಿನಿಯ ಶೀರ್ಷಿಕೆಯನ್ನು ನಿಲ್ಲಿಸಿ “ಇದಕ್ಕೆ ಸಾಕ್ಷಿ ಎಲ್ಲಿದೆ?” ಎಂದು ಕೇಳುತ್ತಾಳೆ. ಎರ್ತುಗ್ರುಲ್‌ನ ಅಭಿಮಾನಿಯಾದ ಅವಳ ಅಣ್ಣನಿಗೂ ಅದೇ ಪ್ರಶ್ನೆ ಹಾಕುತ್ತಾಳೆ. ಕಣ್ಣು, ಕಿವಿ, ಹೃದಯಗಳೆಲ್ಲವೂ ವಿಚಾರಣೆಗೆ ಒಳಗಾಗಲಿವೆ ಎಂಬುದು ನಮ್ಮ ವಿಶ್ವಾಸ. ಏನನ್ನು ನೋಡಿದೆವು ಎಂಬುದರ ಜೊತೆಗೆ, ನೋಡಿ ಯಾರ ಬಗ್ಗೆ ಏನು ತೀರ್ಪು ಕೊಟ್ಟೆವು ಎಂಬುದಕ್ಕೂ ಅಲ್ಲಿ ಉತ್ತರ ಹೇಳಬೇಕಿದೆ. ನಮಗೂ ನಮ್ಮ ಮಕ್ಕಳಿಗೂ ಅಲ್ಲಾಹನು ನ್ಯಾಯದ ನೋಟವನ್ನು ಅನುಗ್ರಹಿಸಲಿ, ಆಮೀನ್.