ಟಿಪ್ಪಣಿಯ ಪುಸ್ತಕ

ಮರೆವಿಗೆ ಮದ್ದೆಂದು ಬರೆದಿಟ್ಟುಕೊಳ್ಳುವ ಪದ್ಧತಿ ಈ ನಾಡಿನಲ್ಲಿ ಹೊಸದಲ್ಲ. ಮಂತ್ರಗಳನ್ನು ಕಂಠಸ್ಥ ಮಾಡಿದ ಪುರೋಹಿತರ ಚೀಲದಲ್ಲಿಯೂ ಪ್ರಯೋಗದ ಕೈಬರಹದ ಪುಸ್ತಕವೊಂದಿರುವುದು. ಅಡಿಗೆಯಲ್ಲಿ ಪಳಗಿದ ಗೃಹಿಣಿಯೂ ಉಪ್ಪಿನಕಾಯಿಯ ಅಳತೆಯನ್ನು ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತುಮಾಡಿಡುವಳು. ಬಲ್ಲವರಿಗೇ ಟಿಪ್ಪಣಿ ಹೆಚ್ಚಾಗಿ ಬೇಕಾಗುವುದು ವಿಚಿತ್ರವಾದರೂ ನಿಜ. ಗಣಕಯಂತ್ರವನ್ನು ನಡೆಸುವವರೂ ಈ ಮಾತಿಗೆ ಹೊರತಲ್ಲ.

ಜನಸಾಮಾನ್ಯರು ಪರದೆಯ ಮೇಲಣ ಚಿತ್ರಗಳನ್ನು ಒತ್ತಿ ಯಂತ್ರದಿಂದ ಕೆಲಸ ಮಾಡಿಸುವರು. ಆದರೆ ಆ ಯಂತ್ರಗಳ ಯೋಗಕ್ಷೇಮವನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಅಕ್ಷರಗಳನ್ನು ಹೊಡೆದೇ ಆಜ್ಞೆ ಕೊಡುವರು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಈ ಆಜ್ಞೆಗಳಲ್ಲಿ ಅನೇಕವು, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟತೊಡಗಿದ ಯುನಿಕ್ಸ್ ಎಂಬ ವ್ಯವಸ್ಥೆಯಿಂದ ಬಂದವು. ಅವರು ಬಳಸಿದ ಟೆಲಿಟೈಪ್ ಯಂತ್ರ ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಕಾಗದದ ಮೇಲೆ ಅಚ್ಚೊತ್ತುತ್ತಿದ್ದಿತು. ಅಂತಹ ನಿಧಾನದಲ್ಲಿ ಮಿತಾಕ್ಷರವೇ ಹಿತವಾಗಿ ತೋರಿತು. ‘ಕಾಪಿ’ ಎಂಬುದು ‘ಸಿಪಿ’ ಆಯಿತು. ‘ಮೂವ್’ ಎಂಬುದು ‘ಎಂವಿ’ ಆಯಿತು. ಅರ್ಧ ಮಾತ್ರೆ ಉಳಿದರೂ ಹಬ್ಬವೆಂದು ಹಿಗ್ಗಿದ ವೈಯಾಕರಣರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು.

ಸೂತ್ರ ಕಿರಿದಾದಷ್ಟೂ ವ್ಯಾಖ್ಯಾನ ಹಿರಿದಾಗಬೇಕಷ್ಟೆ. 1971ರ ನವೆಂಬರಿನಲ್ಲಿಯೇ ಆ ವ್ಯವಸ್ಥೆಗೆ ಕೈಪಿಡಿಯೊಂದು ಹೊರಟಿತು. ಆ ಕ್ರಮ ಇಂದಿಗೂ ಯಂತ್ರದೊಳಗೇ ಉಂಟು. ‘ಮ್ಯಾನ್’ ಎಂದು ಹೊಡೆದು ಮುಂದೆ ಆಜ್ಞೆಯ ಹೆಸರನ್ನು ಬರೆದರೆ ಅದರ ವಿವರಣೆ ತೆರೆದುಕೊಳ್ಳುವುದು. ಆದರೆ ಎಲ್ಲವನ್ನೂ ಹೇಳುವ ಪುಟ ಅವಸರಕ್ಕೆ ಒದಗುವುದು ಕಷ್ಟ. ಆದುದರಿಂದ ಈ ಕಸುಬಿನವರು ತಮಗೆ ಬೇಕಾದ ನಾಲ್ಕಾರು ಸಾಲುಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುವರು.

ಮಲೆನಾಡಿನ ವೈದಿಕ ಮನೆತನದ ತರುಣನೊಬ್ಬನು ಇಂತಹ ಪುಸ್ತಕವನ್ನು ಇಟ್ಟುಕೊಂಡಿದ್ದನು. ಒಂದು ವಿದ್ಯಾಸಂಸ್ಥೆಯ ಗಣಕಯಂತ್ರಗಳು ಅವನ ವಶದಲ್ಲಿದ್ದವು. ಅಂದವಾದ ಅಕ್ಷರ, ಒಂದು ಆಜ್ಞೆಗೆ ಒಂದೇ ಸಾಲು, ವಿವರಣೆಯ ಗೋಜೇ ಇಲ್ಲ. ಬಲ್ಲವನಿಗೆ ಅಷ್ಟು ಸಾಕೆಂದು ಅವನಿಗೆ ಕೊಂಚ ಅಭಿಮಾನವೂ ಇದ್ದಿತು.

ಆ ಪುಸ್ತಕದಲ್ಲಿ ‘ಟಾರ್’ ಎಂಬ ಆಜ್ಞೆಗೆ ಎರಡು ಸಾಲುಗಳಿದ್ದವು. ‘ಟೇಪ್ ಆರ್ಕೈವ್’ ಎಂಬುದರ ಸಂಕ್ಷೇಪವಾದ ಈ ಆಜ್ಞೆ 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದಿತು. ಅನೇಕ ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವುದು, ಕಟ್ಟಿದುದನ್ನು ಬಿಚ್ಚುವುದು ಅದರ ಕೆಲಸ. ಕಟ್ಟಬೇಕಾದರೆ ‘ಸಿ’ ಎಂಬ ಅಕ್ಷರ, ಬಿಚ್ಚಬೇಕಾದರೆ ‘ಎಕ್ಸ್’. ಸಾಲುಗಳ ಉಳಿದ ಭಾಗ ಒಂದೇ. ಕೀಲಿಮಣೆಯ ಮೇಲೆಯೂ ಈ ಎರಡು ಅಕ್ಷರಗಳು ಮಗ್ಗುಲುಮಗ್ಗುಲಿಗೆ ಕುಳಿತಿರುವುವು.

ತಂಗಿಯ ಮದುವೆಗೆಂದು ಅವನು ಊರಿಗೆ ಹೊರಟಾಗ, ಕೈಕೆಳಗಿನ ಹುಡುಗಿಗೆ ಪುಸ್ತಕವನ್ನು ಒಪ್ಪಿಸಿ, “ಎಲ್ಲವೂ ಇದರಲ್ಲಿದೆ, ಭಯಪಡಬೇಡ” ಎಂದನು. ಧಾರೆಯಾದ ಮರುದಿನ ಮಕ್ಕಳ ಅಂಕಗಳ ಫೋಲ್ಡರು ಕೆಟ್ಟಿತು. ಕಟ್ಟಿಟ್ಟ ಗಂಟಿನಿಂದ ಅದನ್ನು ಬಿಚ್ಚಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿದ್ದಿತು. ಹುಡುಗಿ ಪುಸ್ತಕವನ್ನು ತೆರೆದಳು. ಅವಸರದಲ್ಲಿ ಕಣ್ಣು ಮೇಲಿನ ಸಾಲಿನ ಮೇಲೆ ಬಿದ್ದಿತು. ಯಂತ್ರ ಒಂದು ಮಾತನ್ನೂ ಕೇಳದೆ, ಕೆಟ್ಟ ಫೋಲ್ಡರನ್ನೇ ಕಟ್ಟಿ, ಹಳೆಯ ಗಂಟಿನ ಹೆಸರಿನಲ್ಲಿ ಅದರ ಸ್ಥಾನದಲ್ಲಿಯೇ ಇಟ್ಟಿತು. ಒಳ್ಳೆಯ ಪ್ರತಿ ಇಲ್ಲದಾಯಿತು.

ದೂರವಾಣಿಯಲ್ಲಿ ಅವಳ ಸ್ವರ ನಡುಗುತ್ತಿದ್ದಿತು. “ಸರ್, ನಿಮ್ಮ ಪುಸ್ತಕದಲ್ಲಿದ್ದ ಹಾಗೆಯೇ ಹೊಡೆದೆ” ಎಂದಳು. ನಾಲಿಗೆಯ ತುದಿಗೆ ಬಂದಿದ್ದ ಬಿರುನುಡಿ ಅವನ ಬಾಯಲ್ಲಿಯೇ ಉಳಿಯಿತು. ಬೇರೊಂದು ಯಂತ್ರದಲ್ಲಿ ಎಂಟು ದಿನಗಳ ಹಿಂದಿನ ಪ್ರತಿಯೊಂದಿದ್ದುದು ಪುಣ್ಯ. ಉಳಿದ ಎಂಟು ದಿನಗಳ ಅಂಕಗಳನ್ನು ಉಪಾಧ್ಯಾಯರು ಎರಡು ರಾತ್ರಿ ಕುಳಿತು ಉತ್ತರಪತ್ರಿಕೆಗಳಿಂದ ಮತ್ತೆ ತುಂಬಿದರು.

ಆ ಸಂಜೆ ಜಗಲಿಯಲ್ಲಿ ತಲೆತಗ್ಗಿಸಿ ಕುಳಿತಿದ್ದ ಮೊಮ್ಮಗನಿಂದ ಅಜ್ಜ ಸಂಗತಿಯನ್ನೆಲ್ಲ ಕೇಳಿದರು. ಬಳಿಕ ಒಳಕ್ಕೆ ಹೋಗಿ ತಮ್ಮ ಪ್ರಯೋಗದ ಪುಸ್ತಕವನ್ನು ತಂದು ಅವನ ಮುಂದಿಟ್ಟರು. ಸಂಕಲ್ಪದ ಭಾಗದಲ್ಲಿ ಅಯನದ ಹೆಸರಿನ ಕೆಳಗೆ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ, “ಪಾರ್ಥಿವ ಸಂವತ್ಸರದ ಪುಷ್ಯದಲ್ಲಿ ಇಲ್ಲಿ ತಪ್ಪಿದೆನು” ಎಂಬ ಬರಹ. 2006ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆಯೂ ಅಭ್ಯಾಸಬಲದಿಂದ ಅವರ ಬಾಯಲ್ಲಿ ದಕ್ಷಿಣಾಯನವೆಂದೇ ಬಂದಿದ್ದಿತು.

“ತಪ್ಪನ್ನೇಕೆ ಬರೆದಿಟ್ಟಿರಿ, ಅಜ್ಜ?”

“ಮಂತ್ರ ಬಾಯಿಗೆ ಬರುತ್ತದೆ ಮಗು, ಅದನ್ನು ಬರೆಯಬೇಕಾದ್ದಿಲ್ಲ. ಎಲ್ಲಿ ಎಡವುತ್ತೇನೆಂಬುದು ಬಾಯಿಗೆ ಬರುವುದಿಲ್ಲ. ನನ್ನ ಬಳಿಕ ಇದನ್ನು ಹಿಡಿಯುವವನಿಗೂ ಅದೇ ಬೇಕಾದುದು.”

ಸೂತ್ರದ ಪದಗಳನ್ನು ಬಿಡಿಸಿಟ್ಟ ಮಾತ್ರಕ್ಕೆ ವ್ಯಾಖ್ಯಾನವಾಗದೆಂದೂ, ಉದಾಹರಣೆ, ಪ್ರತ್ಯುದಾಹರಣೆ, ಹೇಳದೆ ಬಿಟ್ಟ ಮಾತಿನ ಪೂರಣ ಇವೆಲ್ಲ ಕೂಡಿದರೇ ವ್ಯಾಖ್ಯಾನವೆಂದೂ ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಹೇಳಿರುವನು. ತರುಣನ ಪುಸ್ತಕದಲ್ಲಿ ಉದಾಹರಣೆಯೊಂದೇ ಇದ್ದಿತು. ಉಳಿದುದೆಲ್ಲ ಅವನ ತಲೆಯಲ್ಲಿದ್ದು, ಅವನೊಡನೆಯೇ ಮದುವೆಗೆ ಹೋಗಿದ್ದಿತು. ಅವನೇ ಅಲ್ಲಿದ್ದರೂ, ಆರು ತಿಂಗಳು ಆ ಆಜ್ಞೆಯನ್ನು ಮುಟ್ಟದಿದ್ದರೆ, ತನ್ನ ಬರಹಕ್ಕೆ ತಾನೇ ಪರಕೀಯನಾಗಿ ನಿಲ್ಲಬಹುದಾಗಿದ್ದಿತು.

ಹಿಂದಿರುಗಿದ ಮೇಲೆ ಅವನು ಆ ಪುಟವನ್ನು ಮತ್ತೆ ಬರೆದನು. ಮೊದಲ ಸಾಲಿನಲ್ಲಿ ‘ಟಿ’ ಎಂಬ ಅಕ್ಷರ. ಗಂಟನ್ನು ಬಿಚ್ಚದೆಯೇ ಒಳಗೇನಿದೆ ಎಂಬುದನ್ನು ಅದು ತೋರಿಸುವುದು. ಎರಡನೆಯದು ‘ಎಕ್ಸ್’, ಜೊತೆಗೆ, “ಖಾಲಿ ಫೋಲ್ಡರಿನಲ್ಲಿ ನಿಂತು ಬಿಚ್ಚು” ಎಂಬ ಮಾತು. ‘ಸಿ’ ಮಾತ್ರ ಬೇರೆ ಪುಟಕ್ಕೆ ಹೋಯಿತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, “ಇದೇ ಹೆಸರಿನ ಗಂಟು ಮೊದಲೇ ಇದ್ದರೆ ಕೇಳದೆ ಅಳಿಸುವುದು. ಒಮ್ಮೆ ಅಳಿಸಿತು” ಎಂದು ಬರೆದು ದಿನಾಂಕವನ್ನು ಹಾಕಿದನು. ಹುಡುಗಿಯ ಹೆಸರನ್ನು ಬರೆಯಲಿಲ್ಲ. ತನ್ನ ಹೆಸರನ್ನು ಬರೆದನು.

ಮರುದಿನ ಅವಳು ಪುಸ್ತಕವನ್ನು ತೆಗೆದು ಆ ಪುಟವನ್ನು ಓದಿದಳು. ಏನೂ ಮಾತನಾಡಲಿಲ್ಲ. ಲೇಖನಿಯನ್ನು ತೆಗೆದುಕೊಂಡು ಆ ಸಾಲಿನ ಕೆಳಗೆ, “ಹೊಡೆಯುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಬೇಕು” ಎಂದು ತನ್ನದೊಂದು ಮಾತನ್ನು ಸೇರಿಸಿದಳು. ಅಂದಿನಿಂದ ಆ ಪುಸ್ತಕ ಇಬ್ಬರದಾಯಿತು.